ಬಿಸಿಯಾದರೆ ನಿಲ್ಲುವ ಗಾಲ್ಫ್ ಗಾಡಿ: ಓದುಗರ ಪ್ರಶ್ನೆಗೆ ಮಲ್ಪೆ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ಕಾಪು ಹತ್ತಿರ ಕಡಲ ಬದಿಯಲ್ಲಿ ನಮ್ಮದೊಂದು ಸಣ್ಣ ಹೋಂಸ್ಟೇ ಉಂಟು. ಗೇಟಿನಿಂದ ಮನೆಗೆ ಅರ್ಧ ಕಿಲೋಮೀಟರ್ ಮರಳು ದಾರಿ. ಬಂದವರ ಲಗೇಜ್ ಸಾಗಿಸಲು ಎರಡು ವರ್ಷದ ಹಿಂದೆ ಹಳೇ ಪೆಟ್ರೋಲ್ ಗಾಲ್ಫ್ ಗಾಡಿಯೊಂದನ್ನು ತೆಗೆದುಕೊಂಡೆ. ಕ್ಲಬ್ ಕಾರ್ ಕಂಪನಿಯದ್ದು, ಎಂಜಿನ್ ಕವಾಸಕಿ ಎಫ್‌ಇ 290. ಬೆಳಿಗ್ಗೆ ಪೆಡಲ್ ಒತ್ತಿದ ಕೂಡಲೇ ಸ್ಟಾರ್ಟ್. ಹದಿನೈದು ಇಪ್ಪತ್ತು ನಿಮಿಷ ಓಡಿದ ಮೇಲೆ ದಾರಿಯಲ್ಲೇ ಆಫ್. ಅರ್ಧ ಗಂಟೆ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್. ಎರಡು ಸಲ ಪ್ಲಗ್ ಬದಲಿಸಿ ಆಯ್ತು, ಕಾರ್ಬೊರೇಟರ್ ತೊಳೆಸಿಯೂ ಆಯ್ತು. ಈಗ ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕು (ಸಿಲಿಂಡರಿನ ಒಳಮೈ ಕೊರೆಸಬೇಕು) ಅಂತಾರೆ. ಮಾಡಿಸಲಾ?
– ಓದುಗರೊಬ್ಬರು, ಕಾಪು

ಉತ್ತರ: ಮಾಡಿಸಬೇಡಿ. ಪತ್ರ ಓದಿದ ದಿನವೇ ಫೋನ್ ಮಾಡಿ ಇವರಿಗೆ ಇಷ್ಟು ಹೇಳಿದೆ. ಬೋರ್ ಸವೆದ, ರಿಂಗ್ ಹೋದ ಎಂಜಿನ್ ಬೆಳಿಗ್ಗೆ ತಣ್ಣಗಿರುವಾಗಲೇ ಸತಾಯಿಸುತ್ತದೆ. ಹೊಗೆ ಬಿಡುತ್ತದೆ, ಆಯಿಲ್ ಕುಡಿಯುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಇವರ ಗಾಡಿಗೆ ಇದ್ಯಾವುದೂ ಇಲ್ಲ. ಒಂದೇ ಪೆಡಲಿಗೆ ಎದ್ದು ನಿಲ್ಲುವ ಎಂಜಿನ್ನಿನ ಹೊಟ್ಟೆ ಸರಿಯಾಗಿದೆ ಅಂತ ಅರ್ಥ.

ಕಾಪು ನನಗೆ ದೂರವಲ್ಲ. ಭಾನುವಾರ ಬೆಳಿಗ್ಗೆ ನಾನೇ ಹೋದೆ. ಮೊದಲು ನೋಡಿದ್ದು ಕಂಪನಿ ಹಾಕಿದ ಸೀರಿಯಲ್ ನಂಬರಿನ ಪಟ್ಟಿ. ಕ್ಲಬ್ ಕಾರಿನ ಸೀರಿಯಲ್ ನಂಬರ್ ಓದಲು ಬಂದರೆ ಅರ್ಧ ಜಾತಕ ಸಿಕ್ಕಿದ ಹಾಗೆ. ಶುರುವಿನಲ್ಲಿ 'ಎಜಿ' ಅಂತಿದ್ದರೆ ಅದು ಡಿಎಸ್ ಮಾದರಿಯ ಪೆಟ್ರೋಲ್ ಗಾಡಿ. ಆಮೇಲಿನ ಎರಡು ಅಂಕಿ ವರ್ಷ, ಅದರ ನಂತರದ ಎರಡು ಆ ವರ್ಷದ ಎಷ್ಟನೇ ವಾರ ಅಂತ. ಇವರದ್ದರಲ್ಲಿ ಎಜಿ ಆದ ಮೇಲೆ 95 ಉಂಟು. ಅಂದರೆ 1995ರ ಗಾಡಿ. ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ಊರಿನ ಕಡೆಯಿಂದ ಹೊರಟು ಎಲ್ಲೆಲ್ಲಿ ಸುತ್ತಿ ನಮ್ಮ ಕಡಲ ಬದಿಗೆ ಬಂತೋ! ಎಂಜಿನ್ 286 ಸಿಸಿ, ಒಂದೇ ಸಿಲಿಂಡರ್, ನಾಲ್ಕು ಸ್ಟ್ರೋಕ್, ಗಾಳಿಯಲ್ಲೇ ತಣಿಯುವಂಥದ್ದು. ಗಟ್ಟಿ ಎಂಜಿನ್. ನನಗೆ ಇದರ ಮೇಲೆ ಗೌರವ ಉಂಟು.

ಇಂಥ ತೊಂದರೆಯಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಗಾಡಿ ನಿಲ್ಲುತ್ತದೆ. ತಳ್ಳಿ ಮನೆಗೆ ತರುತ್ತಾರೆ. ಮೆಕ್ಯಾನಿಕ್ ಬರುವಷ್ಟರಲ್ಲಿ ಎಂಜಿನ್ ತಣ್ಣಗಾಗಿ ಸ್ಟಾರ್ಟ್ ಆಗುತ್ತದೆ. ಆತ ಪ್ಲಗ್ ತೆಗೆದು ಕಿಡಿ ನೋಡುತ್ತಾನೆ, ಚೆನ್ನಾಗಿ ಬರುತ್ತದೆ. ಪೆಟ್ರೋಲ್ ನೋಡುತ್ತಾನೆ, ಅದೂ ಬರುತ್ತದೆ. ಕೊನೆಗೆ ಉಳಿದದ್ದು ಎಂಜಿನ್ ಒಂದೇ ಅಂತ ಅದನ್ನು ಬಿಚ್ಚುತ್ತಾನೆ. ಜ್ವರ ಬಿಟ್ಟ ಮೇಲೆ ಥರ್ಮಾಮೀಟರ್ ಇಟ್ಟ ಹಾಗಾಯ್ತಲ್ವಾ? ನಿಂತ ಗಾಡಿಯನ್ನು ನಿಂತ ಜಾಗದಲ್ಲೇ, ನಿಂತ ನಿಮಿಷದಲ್ಲೇ ನೋಡಬೇಕು. ಆಮೇಲೆ ನೋಡಿದರೆ ಏನೂ ಕಾಣುವುದಿಲ್ಲ.

ಹಾಗಾಗಿ ಪ್ಲಗ್ ಪಾನಾ, ಕಿಡಿ ನೋಡುವ ಟೆಸ್ಟರ್, ಒಂದು ಸ್ಕ್ರೂಡ್ರೈವರ್ ಮಡಿಲಲ್ಲಿಟ್ಟುಕೊಂಡು ಯಜಮಾನರ ಪಕ್ಕ ಕೂತೆ. ಗೇಟಿಗೂ ಮನೆಗೂ ತಿರುಗಿದ್ದೇ ತಿರುಗಿದ್ದು. ಹದಿನೇಳನೇ ನಿಮಿಷಕ್ಕೆ, ತೆಂಗಿನ ಮರಗಳ ಹತ್ತಿರದ ತಿರುವಿನಲ್ಲಿ, ನಿಂತಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ. ಸ್ವಿಚ್ ಆಫ್ ಮಾಡಿದ ಹಾಗೆ ಫಕ್ಕನೆ ನಿಂತಿತು. ಇದನ್ನು ಗಮನಿಸಬೇಕು. ಪೆಟ್ರೋಲ್ ಸಾಲದೆ ನಿಲ್ಲುವ ಎಂಜಿನ್ ಮೊದಲು ಬಳಲುತ್ತದೆ, ಮುಗ್ಗರಿಸುತ್ತದೆ, ಆಮೇಲೆ ನಿಲ್ಲುತ್ತದೆ. ಕರೆಂಟ್ ಹೋಗಿ ನಿಲ್ಲುವುದು ಒಂದೇಟಿಗೆ.

ಆದರೂ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ, ಒಂದು ಸೆಕೆಂಡಿನ ಕೆಲಸ. ಮುಚ್ಚಳದಲ್ಲಿ ಗಾಳಿ ಹೋಗಲು ಸೂಜಿಯಷ್ಟು ದಾರಿ ಇರುತ್ತದೆ. ಅದು ಮುಚ್ಚಿದ್ದರೆ ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಎಳೆತ ಹುಟ್ಟಿ ಪಂಪ್ ಸೋಲುತ್ತದೆ. ತೆಗೆಯುವಾಗ 'ಸುಸ್' ಅಂತ ಗಾಳಿ ಒಳಗೆ ನುಗ್ಗುವ ಶಬ್ದ ಬರುತ್ತದೆ. ಇವರದ್ದರಲ್ಲಿ ಬರಲಿಲ್ಲ. ಇದನ್ನು ನಾನು ಯಾವತ್ತೂ ಬಿಡುವುದಿಲ್ಲ, ಅದಕ್ಕೆ ಕಾರಣ ಉಂಟು. ನಾನು ಹೊಸದಾಗಿ ಶೆಡ್ ಹಾಕಿದ ಕಾಲದಲ್ಲಿ ಒಬ್ಬ ಬಡ ಮೀನುಗಾರರ ಪೆಟ್ರೋಲ್ ಪಂಪ್‌ಸೆಟ್ ಇದೇ ತೊಂದರೆ ಅಂತ ಬಂದಿತ್ತು. ಎರಡು ದಿನ ಕೂತು ಎಂಜಿನ್ ಪೂರ್ತಿ ಬಿಚ್ಚಿದೆ. ಕೊನೆಗೆ ನೋಡಿದರೆ ಮುಚ್ಚಳದ ತೂತಿಗೆ ಕಣಜ ಮಣ್ಣು ಮೆತ್ತಿತ್ತು. ನಾನು ಕೂಲಿ ತೆಗೆದುಕೊಳ್ಳಲಿಲ್ಲ, ಆದರೆ ಅವರ ಎರಡು ದಿನ ಹೋಯ್ತು. ಅದು ಇನ್ನೂ ಮನಸ್ಸಿನಲ್ಲಿ ಉಂಟು.

ಮುಂದೆ ಕಿಡಿ. ಪ್ಲಗ್ ವಯರಿಗೆ ಟೆಸ್ಟರ್ ಸಿಕ್ಕಿಸಿ ಪೆಡಲ್ ಒತ್ತಿಸಿದೆ. ಎಂಜಿನ್ ತಿರುಗುತ್ತಿದೆ, ಕಿಡಿ ಮಾತ್ರ ಇಲ್ಲವೇ ಇಲ್ಲ. ಇಲ್ಲಿಗೆ ಕಾರ್ಬೊರೇಟರ್, ಪಂಪ್, ಬೋರ್ ಎಲ್ಲ ನಿರಪರಾಧಿಗಳು ಅಂತಾಯ್ತು. ಉಳಿದದ್ದು ಎರಡು. ಒಂದೋ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಬಿಸಿಗೆ ಒಳಗೆ ತುಂಡಾಗುತ್ತಿದೆ. ಇಲ್ಲಾ ಎಂಜಿನ್ ನಿಲ್ಲಿಸುವ ವಯರ್ ಎಲ್ಲೋ ಗಾಡಿಯ ಲೋಹದ ಮೈಗೆ ತಾಗುತ್ತಿದೆ. ಈ ಎಂಜಿನ್ನಿನಲ್ಲಿ ಕಿಡಿ ಹುಟ್ಟುವುದು ಫ್ಲೈವೀಲಿನ ಮ್ಯಾಗ್ನೆಟ್‌ನಿಂದ, ಬ್ಯಾಟರಿಯಿಂದ ಅಲ್ಲ. ನಿಲ್ಲಿಸಬೇಕಾದರೆ ಒಂದು ವಯರನ್ನು ಅರ್ತ್ ಮಾಡಿದರೆ ಸಾಕು, ಕಿಡಿ ಸಾಯುತ್ತದೆ. ಹಾಗಾಗಿ ಆ ವಯರ್ ಎಲ್ಲಾದರೂ ಸಿಪ್ಪೆ ಸುಲಿದು ಚಾಸಿಗೆ ತಾಗಿದರೆ ಯಾರೂ ಆಫ್ ಮಾಡದೆ ಗಾಡಿ ಆಫ್ ಆಗುತ್ತದೆ.

ಆ ವಯರಿನ ಕನೆಕ್ಟರ್ ಎಂಜಿನ್ ಹತ್ತಿರವೇ ಸಿಗುತ್ತದೆ. ಬಿಡಿಸಿದೆ, ಮತ್ತೆ ಪೆಡಲ್. ಟಕ್ ಟಕ್ ಟಕ್ ಅಂತ ನೀಲಿ ಕಿಡಿ! ಕಾಯಿಲ್ ಸರಿ, ವಯರ್ ಕಳ್ಳ. ಬೆರಳಲ್ಲಿ ಹಿಡಿದು ಸವರುತ್ತಾ ಹೋದೆ. ಸೈಲೆನ್ಸರ್ ಪಕ್ಕದಲ್ಲಿ ವಯರ್ ಹಿಡಿದಿದ್ದ ಕ್ಲಿಪ್ ಮುರಿದು ಇಡೀ ಕಟ್ಟು ಜೋತು ಬಿದ್ದಿತ್ತು. ಒಂದು ಗೇಣು ಉದ್ದಕ್ಕೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಹಪ್ಪಳದ ಹಾಗೆ ಸೀಳಿತ್ತು. ಒಳಗಿನ ತಾಮ್ರ ಉಪ್ಪು ಗಾಳಿಗೆ ಹಸಿರಾಗಿತ್ತು. ಬಿಸಿಗೆ ಮೆತ್ತಗಾಗಿ ಇಳಿದಾಗ ಆ ಸೀಳು ಸೈಲೆನ್ಸರಿನ ತಗಡಿಗೆ ತಾಗುತ್ತದೆ. ತಣ್ಣಗಾದಾಗ ಬಿಗಿದುಕೊಂಡು ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಅರ್ಧ ಗಂಟೆಯ ಗುಟ್ಟು ಇಷ್ಟೇ.

ಹಸಿರು ತಾಮ್ರದ ಮೇಲೆ ಸುಮ್ನೆ ಟೇಪ್ ಸುತ್ತಬೇಡಿ. ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ. ನಾನು ಹೊಸ ತುಂಡು ವಯರ್ ಹಾಕಿ ಎರಡು ಕಡೆ ಬೆಸುಗೆ ಹಾಕಿದೆ. ಮೇಲೆ ಬಿಸಿಗೆ ಬಿಗಿಯುವ ಸ್ಲೀವ್ ಎಳೆದು, ಸೈಲೆನ್ಸರಿನಿಂದ ಒಂದು ಗೇಣು ದೂರಕ್ಕೆ ಕ್ಲಿಪ್ ಹೊಡೆದೆ. ನೂರು ರೂಪಾಯಿಯೊಳಗಿನ ಸಾಮಾನು. ಆಮೇಲೆ ಒಂದೂವರೆ ಗಂಟೆ ಬಿಡದೆ ಓಡಿಸಿದೆವು, ನಿಲ್ಲಲಿಲ್ಲ. ಮೂರು ದಿನ ಬಿಟ್ಟು ಫೋನ್ ಮಾಡಿ ಕೇಳಿದೆ, ಆಗಲೂ ಸರಿ ಇತ್ತು.

ಒಂದು ಎಚ್ಚರಿಕೆ. ಆ ವಯರ್ ಬಿಡಿಸಿದ್ದಾಗ ಕೀ ತಿರುಗಿಸಿದರೂ, ಪೆಡಲ್ ಬಿಟ್ಟರೂ ಎಂಜಿನ್ ನಿಲ್ಲುವುದಿಲ್ಲ. ಕಿಡಿ ಬರುತ್ತದೋ ಅಂತ ನೋಡಲು ಮಾತ್ರ ಬಿಡಿಸಿ, ಹಾಗೆ ಓಡಿಸಬೇಡಿ. ಇನ್ನೂ ಮುಖ್ಯವಾದದ್ದು, ಈ ಗಾಡಿಗೆ ಬೇರೆ ಸ್ಟಾರ್ಟರ್ ಬಟನ್ ಇಲ್ಲ. ಪೆಡಲ್ ಒತ್ತಿದರೆ ಎಂಜಿನ್ ಎದ್ದು ಗಾಡಿ ಹೊರಟೇ ಬಿಡುತ್ತದೆ. ರಿಪೇರಿಗೆ ಕೂರುವ ಮೊದಲು ಗಾಲಿಗೆ ಕಲ್ಲು ಕೊಡಿ, ಗೇರ್ ನ್ಯೂಟ್ರಲ್ಲಿಗೆ ತನ್ನಿ. ಡಿಎಸ್ ಮಾದರಿಯಲ್ಲಿ ಸರ್ವಿಸ್ ಮಾಡುವಾಗ ನ್ಯೂಟ್ರಲ್ಲಿನಲ್ಲೇ ಲಾಕ್ ಮಾಡಲು ಒಂದು ಕ್ಯಾಮ್ ಕೂಡ ಉಂಟು. ಕೀ ತೆಗೆದು ಕಿಸೆಗೆ ಹಾಕಿ. ಕರೆಂಟ್ ಬೇಡದ ಕೆಲಸಕ್ಕೆ ಬ್ಯಾಟರಿಯ ನೆಗೆಟಿವ್ ವಯರನ್ನೂ ಬಿಡಿಸಿಡಿ. ಹತ್ತಿರದಲ್ಲಿ ಮಕ್ಕಳಿದ್ದರೆ ಸೀಟಿಗೆ ಹತ್ತಲು ಬಿಡಬೇಡಿ.

ಇದೇ ತೊಂದರೆ ಇರುವ ಬೇರೆಯವರಿಗೆ: ನಿಂತ ಕೂಡಲೇ ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಹೋಗಿ. ಈ ಗಾಡಿಗಳ ಪಂಪಿಗೆ ಕರೆಂಟ್ ಇಲ್ಲ. ಎಂಜಿನ್ನಿನ ಕ್ರ್ಯಾಂಕ್‌ಕೇಸಿನಿಂದ ಒಂದು ಸಣ್ಣ ರಬ್ಬರ್ ಪೈಪ್ ಬಂದಿರುತ್ತದೆ. ಪಿಸ್ಟನ್ ಮೇಲೆ ಕೆಳಗೆ ಹೋದಾಗ ಹುಟ್ಟುವ ಗಾಳಿಯ ಮಿಡಿತವೇ ಪಂಪಿನೊಳಗಿನ ತೆಳು ಪದರವನ್ನು ಕುಣಿಸುತ್ತದೆ. ಆ ಪೈಪ್ ಒಡೆದಿದ್ದರೆ ಅಥವಾ ಪದರ ಬಿರುಸಾಗಿದ್ದರೆ ಪೆಟ್ರೋಲ್ ಮೇಲೆ ಬರುವುದಿಲ್ಲ. ಪದರ ಹರಿದಿದ್ದರೆ ಇನ್ನೂ ಅಪಾಯ, ಪೆಟ್ರೋಲ್ ನೇರ ಆಯಿಲ್ ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು, ಆಯಿಲ್ ನೀರಾಗಿ, ಮಟ್ಟ ಗುರುತಿಗಿಂತ ಮೇಲಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಕಾರ್ಬೊರೇಟರಿನ ಸೂಜಿ ಮುಚ್ಚದೆ ಓವರ್‌ಫ್ಲೋ ಆದರೂ ಹೀಗಾಗುವುದುಂಟು. ಕಾರಣ ಸರಿ ಮಾಡಿ, ಆಯಿಲ್ ಪೂರ್ತಿ ಚೆಲ್ಲಿ ಹೊಸದು ಹಾಕಿ, ಆಮೇಲೆ ಕೀ.

ಕಿಡಿಯೂ ಉಂಟು, ಪೆಟ್ರೋಲೂ ಉಂಟು, ಆದರೂ ಬಿಸಿಯಾದರೆ ನಿಲ್ಲುತ್ತದೆ ಅಂದರೆ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಗ್ಯಾಪ್ ನೋಡಿಸಿ. ಗ್ಯಾಪ್ ತೀರಾ ಕಡಿಮೆ ಇದ್ದರೆ ಬಿಸಿಗೆ ವಾಲ್ವ್ ಉದ್ದವಾಗಿ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಎಫ್‌ಇ 290ಕ್ಕೆ ಎಂಜಿನ್ ತಣ್ಣಗಿರುವಾಗ ಸುಮಾರು 0.1 ಮಿ.ಮೀ. ಇಡುತ್ತೇವೆ.

ಪ್ರಶ್ನೆ: ನನ್ನ ಗಾಲ್ಫ್ ಗಾಡಿಯ ಇಂಗ್ಲಿಷ್ ಪುಸ್ತಕದಲ್ಲಿ 'ಗ್ಯಾಸ್' ಎಂಜಿನ್ ಅಂತ ಬರೆದಿದೆ. ಹಾಗಾದರೆ ಸಿಲಿಂಡರ್ ಗ್ಯಾಸಿನಲ್ಲೂ ಓಡಿಸಬಹುದಾ? ಪೆಟ್ರೋಲ್ ಖರ್ಚು ಜಾಸ್ತಿ ಆಗ್ತಿದೆ.
– ಸುರತ್ಕಲ್‌ನಿಂದ

ಉತ್ತರ: ಬೇಡ. ಅಮೆರಿಕದವರು ಪೆಟ್ರೋಲಿಗೇ ಗ್ಯಾಸ್ ಅನ್ನುವುದು. ನಮ್ಮ ಅಡುಗೆ ಗ್ಯಾಸಿಗೂ ಅದಕ್ಕೂ ಸಂಬಂಧವಿಲ್ಲ. ಅಡುಗೆ ಸಿಲಿಂಡರನ್ನು ಗಾಡಿಗೆ ಬಳಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದರೆ ಏರ್ ಫಿಲ್ಟರ್ ತೆಗೆದು ನೋಡಿ. ಚೋಕ್ ಪೂರ್ತಿ ಬಿಡುತ್ತದಾ, ಬ್ರೇಕ್ ಹಿಡಿದುಕೊಂಡೇ ಉಂಟಾ ಅಂತಲೂ ನೋಡಿ. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಮಾಡಿ ಒಬ್ಬರೇ ತಳ್ಳಿದಾಗ ಗಾಡಿ ಹಗುರಾಗಿ ಉರುಳಬೇಕು.

ಪ್ರಶ್ನೆ: ಸರ್, ನಾನು ಪಾಲಿಟೆಕ್ನಿಕ್ ವಿದ್ಯಾರ್ಥಿ. ಮಾವನ ತೋಟದ ಪೆಟ್ರೋಲ್ ಗಾಲ್ಫ್ ಗಾಡಿಯಲ್ಲಿ ಸೆಲ್ಫ್ ಮೋಟರ್ ಬೇರೆ, ಡೈನಮೋ ಬೇರೆ ಅಂತ ಹುಡುಕಿದೆ. ಒಂದೇ ಕಾಣುತ್ತದೆ. ಬ್ಯಾಟರಿ ಹೊಸದು, ಆದರೂ ನಾಲ್ಕು ದಿನಕ್ಕೆ ಇಳಿಯುತ್ತದೆ. ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿ, ಉಡುಪಿ

ಉತ್ತರ: ಸರಿಯಾಗಿಯೇ ಕಂಡಿದ್ದೀರಿ ತಮ್ಮಾ. ಒಂದೇ ಮೋಟರ್ ಎರಡು ಕೆಲಸ ಮಾಡುತ್ತದೆ. ಪೆಡಲ್ ಒತ್ತಿದಾಗ ಅದರ ಸ್ವಿಚ್ ಸೊಲೆನಾಯ್ಡಿಗೆ (ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚಿಗೆ) ಕರೆಂಟ್ ಕೊಡುತ್ತದೆ, ಸೊಲೆನಾಯ್ಡ್ ಮೋಟರಿಗೆ ಕೊಡುತ್ತದೆ, ಮೋಟರ್ ಬೆಲ್ಟ್ ಮೂಲಕ ಎಂಜಿನ್ ತಿರುಗಿಸುತ್ತದೆ. ಎಂಜಿನ್ ಹೊತ್ತಿಕೊಂಡ ಮೇಲೆ ಅದೇ ಬೆಲ್ಟ್ ಮೋಟರನ್ನು ತಿರುಗಿಸಿ ಬ್ಯಾಟರಿ ಚಾರ್ಜ್ ಆಗುತ್ತದೆ. ಕಾಲು ತೆಗೆದರೆ ಎಂಜಿನ್ ಆಫ್. ದಿನಕ್ಕೆ ಐವತ್ತು ಸಲ ಸ್ಟಾರ್ಟ್ ಆಗುವ ಗಾಡಿ ಅಂದರೆ ಬ್ಯಾಟರಿಗೂ ಕಾರ್ಬನ್ ಬ್ರಷ್‌ಗೂ ಎಷ್ಟು ಕೆಲಸ ಅಂತ ಯೋಚನೆ ಮಾಡಿ.

ಮಲ್ಟಿಮೀಟರ್ ಹಿಡಿಯಿರಿ. ಗಾಡಿ ನಿಂತಿರುವಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಬೇಕು. ಎಂಜಿನ್ ವೇಗವಾಗಿ ತಿರುಗುವಾಗ 14ರ ಆಸುಪಾಸಿಗೆ ಏರಬೇಕು. ಏರದೆ 12ರಲ್ಲೇ ಇದ್ದರೆ ಚಾರ್ಜ್ ಇಲ್ಲ. ಮೊದಲು ಬೆಲ್ಟ್ ಒತ್ತಿ ನೋಡಿ. ಸಡಿಲ ಇದ್ದರೆ ಸ್ಟಾರ್ಟ್ ಆಗುವಾಗ ಕಿರುಚುತ್ತದೆ, ಮಳೆಗಾಲದಲ್ಲಂತೂ ಜಾಸ್ತಿ. ಆಮೇಲೆ ಕಾರ್ಬನ್ ಬ್ರಷ್, ಆಮೇಲೆ ರೆಗ್ಯುಲೇಟರ್.

ಬ್ಯಾಟರಿ ಬದಲಿಸುವಾಗ ಪ್ಲಸ್ ಮೈನಸ್ ಅದಲು ಬದಲಾಗಿತ್ತಾ ಅಂತ ಮಾವನನ್ನು ಕೇಳಿ. ಹಾಗಾಗಿದ್ದರೂ, ಗಾಡಿ ತುಂಬ ಕಾಲ ಸುಮ್ನೆ ನಿಂತಿದ್ದರೂ ಚಾರ್ಜ್ ನಿಲ್ಲುವುದುಂಟು. ಈ ಥರದ ಡೈನಮೋ ಒಳಗಿನ ಕಬ್ಬಿಣದಲ್ಲಿ ಅಳಿದುಳಿದ ಆಯಸ್ಕಾಂತ ಶಕ್ತಿ ಇದ್ದರೆ ಮಾತ್ರ ಕರೆಂಟ್ ಹುಟ್ಟಿಸುವುದು. ಅದು ಹೋಗಿದ್ದರೆ ಫೀಲ್ಡಿಗೆ (ಆ ಕಬ್ಬಿಣದ ಸುತ್ತಲಿನ ತಂತಿ ಸುರುಳಿಗೆ) ಬ್ಯಾಟರಿಯಿಂದ ಕ್ಷಣ ಮಾತ್ರ ಕರೆಂಟ್ ಮುಟ್ಟಿಸಿ ಮತ್ತೆ ಎಬ್ಬಿಸಬೇಕು. ಹಳೇ ಡೈನಮೋ ಕಾರುಗಳನ್ನು ನೋಡಿದ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ನಿಂತು ಇದನ್ನು ಕಲಿಯಿರಿ. ಟರ್ಮಿನಲ್ ತಪ್ಪಿದರೆ ರೆಗ್ಯುಲೇಟರ್ ಸುಟ್ಟು ಹೋಗುತ್ತದೆ. ಮೋಟರಿನ ಬೇರಿಂಗ್ ಶಬ್ದ ಮಾಡಿದರೆ ಅದರ ಬದಿಯಲ್ಲಿ ಕೆತ್ತಿದ ನಂಬರ್ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋಗಿ. ಅಮೆರಿಕದಿಂದಲೇ ತರಿಸಬೇಕು ಅಂತ ಹೆದರಬೇಡಿ. ಆದರೆ ಗಾಲಿಗೆ ಶಕ್ತಿ ಕೊಡುವ ಅಗಲದ ಡ್ರೈವ್ ಬೆಲ್ಟ್ ಬೇರೆ. ಅದು ಆಕ್ಟಿವಾ ಸ್ಕೂಟರಿನ ಬೆಲ್ಟಿನ ಹಾಗೆ ಕಿರಿದಾಗಿ ಹಿರಿದಾಗುವ ಪುಲ್ಲಿಗಳ ಮೇಲೆ ಓಡುವಂಥದ್ದು. ಅದರ ಜಾಗಕ್ಕೆ ಹಿಟ್ಟಿನ ಗಿರಣಿಯ ಬೆಲ್ಟ್ ಹಾಕಬೇಡಿ.

ಪ್ರಶ್ನೆ: ಅಣ್ಣಾ, ನಾವಿರುವುದು ಕದ್ರಿಯಲ್ಲಿ, ಅಡಿಕೆ ತೋಟ ಮೂಡುಬಿದಿರೆ ಕಡೆ. ಅಪ್ಪನಿಗೆ ಮೊಣಕಾಲು ನೋವು, ತೋಟ ಸುತ್ತಲು ಹಳೇ ಪೆಟ್ರೋಲ್ ಗಾಲ್ಫ್ ಗಾಡಿಯೇ ಆಸರೆ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅದು ಸ್ಟಾರ್ಟ್ ಆಗುವುದೇ ಇಲ್ಲ. ಕಾರ್ಬೊರೇಟರ್ ತೊಳೆಸಿದರೆ ಸರಿಯಾಗುತ್ತದೆ. ಹೀಗಾಗದ ಹಾಗೆ ಇಡುವುದು ಹೇಗೆ?
– ಕದ್ರಿ, ಮಂಗಳೂರು

ಉತ್ತರ: ಅಕ್ಕಾ, ನಿಮ್ಮ ಪ್ರಶ್ನೆ ಈ ಕರಾವಳಿಯ ಪ್ರತಿ ಪೆಟ್ರೋಲ್ ಎಂಜಿನ್ನಿನ ಪ್ರಶ್ನೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಉಂಟು. ಎಥನಾಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತದೆ. ನಮ್ಮ ಜೂನ್, ಜುಲೈಯ ಗಾಳಿ ಗೊತ್ತಲ್ಲ, ಉಪ್ಪಿನ ಡಬ್ಬಿಯೇ ಕರಗುತ್ತದೆ. ಹೀರಿದ ನೀರು ಜಾಸ್ತಿಯಾದಾಗ ಎಥನಾಲನ್ನೂ ಎಳೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಕಾರ್ಬೊರೇಟರಿನ ಬಟ್ಟಲಿನಲ್ಲಿ ಅದೇ ನಿಂತು ಅಲ್ಯೂಮಿನಿಯಂ ಮೇಲೆ ಬಿಳಿ ಹುಡಿ ಏಳುತ್ತದೆ. ಪೆಟ್ರೋಲ್ ಅಳೆದು ಬಿಡುವ ಜೆಟ್ಟಿನ ತೂತು ಕೂದಲಷ್ಟು ಸಣ್ಣದು, ಮುಚ್ಚಿ ಹೋಗುತ್ತದೆ. ತೊಂಬತ್ತರ ದಶಕದ ಪೆಟ್ರೋಲ್ ಪೈಪಿನ ರಬ್ಬರ್ ಈ ಪೆಟ್ರೋಲಿಗೆ ಮಾಡಿದ್ದೂ ಅಲ್ಲ. ಒಳಗಿನಿಂದ ಮೆತ್ತಗಾಗಿ ಕರಿ ಚೂರು ಬಿಡುತ್ತದೆ.

ಅನುಮಾನ ಇದ್ದರೆ ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು, ಮುಚ್ಚಿ, ಒಲೆ ದೀಪಗಳಿಂದ ದೂರ, ಹೊರಗಿನ ಶೆಡ್ಡಿನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಲೇಬೇಕು.

ಪತ್ತನಾಜೆ (ತುಳುನಾಡಿನಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ದಿನ) ಕಳೆದು ಗಾಡಿ ಒಳಗಿಡುವ ಹೊತ್ತಿಗೆ ಈ ಕೆಲಸ ಮಾಡಿಸಿ. ಟ್ಯಾಂಕ್ ಖಾಲಿ ಮಾಡಿ. ಪೈಪಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಆದರೂ ಬಟ್ಟಲಿನ ತಳದಲ್ಲಿ ಚಮಚದಷ್ಟು ಉಳಿಯುತ್ತದೆ. ಬಟ್ಟಲಿನ ಅಡಿಯ ಸ್ಕ್ರೂ ತೆಗೆದು ಅದನ್ನೂ ಬಸಿಯಿರಿ. ನಿಮ್ಮ ಗಾಡಿ ಪ್ರತಿ ವರ್ಷ ಕೈಕೊಡುವುದು ಈ ಒಂದು ಚಮಚದಿಂದಲೇ ಇರಬೇಕು. ಹಳೇ ಪೈಪ್‌ಗಳನ್ನು ಎಥನಾಲ್ ತಡೆಯುವ ಹೊಸ ಪೈಪಿಗೆ ಬದಲಿಸಿ. ಪಂಪಿಗೆ ಬರುವ ಆ ಸಣ್ಣ ಗಾಳಿಯ ಪೈಪನ್ನೂ ಮರೆಯಬೇಡಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಗಾಡಿಗೆ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಬೇಡಿ, ಒಳಗೇ ಬೆವರುತ್ತದೆ. ಗಾಳಿಯಾಡುವ ಶೆಡ್ಡು ಸಾಕು.

ಜೆಟ್ ಕಟ್ಟಿದ್ದರೆ ಪಿನ್ನು, ಸೂಜಿ ಹಾಕಿ ಕೆದಕಲು ಬಿಡಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕವೇ ತಪ್ಪುತ್ತದೆ. ನಾನು ಕರೆಂಟ್ ವಯರಿನ ಒಂದೇ ಒಂದು ತಾಮ್ರದ ಎಳೆ ಬಳಸುತ್ತೇನೆ. ಆಮೇಲೆ ಕ್ಲೀನರ್ ಸ್ಪ್ರೇ, ಆಮೇಲೆ ಗಾಳಿ. ಬೆಳಕಿಗೆ ಹಿಡಿದಾಗ ತೂತು ದುಂಡಗೆ, ಚೊಕ್ಕವಾಗಿ ಕಾಣಬೇಕು.

ಚೌತಿ ಹೊತ್ತಿಗೆ ಗಾಡಿ ಹೊರಗೆ ತೆಗೆಯುವಾಗ ಹೊಸ ಪೆಟ್ರೋಲ್ ಹಾಕುವ ಮೊದಲು ಎಂಜಿನ್ನಿನ ಫ್ಯಾನ್ ಕವರ್ ಬಿಚ್ಚಿಸಿ ಟಾರ್ಚ್ ಹಾಕಿ ನೋಡಿ. ಮಳೆಗಾಲದಲ್ಲಿ ಇಲಿಗಳಿಗೆ ಅದಕ್ಕಿಂತ ಬೆಚ್ಚಗಿನ ಮನೆ ಇಲ್ಲ. ಒಂದು ತೋಟದ ಗಾಡಿಯಲ್ಲಿ ಸಿಲಿಂಡರಿನ ರೆಕ್ಕೆಗಳ ಸಂದಿನಿಂದ ಎರಡು ಹಿಡಿ ತೆಂಗಿನ ನಾರು, ಅಡಿಕೆ ಸಿಪ್ಪೆ ನಾನೇ ತೆಗೆದಿದ್ದೇನೆ. ಹಾಗೇ ಓಡಿಸಿದರೆ ಗಾಳಿ ಹೋಗದೆ ಎಂಜಿನ್ ಬಿಸಿಯಾಗಿ ಜಾಮ್ ಆಗುತ್ತದೆ. ವಯರ್‌ಗಳನ್ನು ಕಡಿದಿದೆಯಾ ಅಂತಲೂ ನೋಡಿಸಿ, ಮುಖ್ಯವಾಗಿ ಸೀಟಿನ ಅಡಿಯಲ್ಲಿ. ಎಲ್ಲ ಸರಿ ಇದ್ದರೆ ಚೋಕ್ ಎಳೆದು ಪೆಡಲ್ ಒತ್ತಿ. ಪಂಪಿನಿಂದ ಪೆಟ್ರೋಲ್ ಬಂದು ಬಟ್ಟಲು ತುಂಬಲು ಸ್ವಲ್ಪ ಹೊತ್ತು ಬೇಕು. ಐದೈದು ಸೆಕೆಂಡಿನ ಹಾಗೆ ಬಿಟ್ಟು ಬಿಟ್ಟು ಒತ್ತಿ, ನಡುವೆ ಮೋಟರಿಗೆ ಉಸಿರಾಡಲು ಬಿಡಿ. ಅಪ್ಪನನ್ನು ಕೂರಿಸುವ ಮೊದಲು ಯಾರಾದರೂ ಒಂದು ಸುತ್ತು ಹೋಗಿ ಬ್ರೇಕ್ ನೋಡಿ ಬರಲಿ. ನಾಲ್ಕು ತಿಂಗಳು ನಿಂತ ಗಾಡಿಯ ಬ್ರೇಕ್ ಕೇಬಲ್ ತುಕ್ಕು ಹಿಡಿದಿರುವುದುಂಟು.